ತಂಪಿನ ಡಬ್ಬಿಗೆ ತುಂಬಿದ ಅರಳೆ

ಎದುರಿನಿಂದ ತಣ್ಣನೆಯ ಗಾಳಿ ಬೀಸಿದರೆ ಲೋಕದ ಜನಕ್ಕೆಲ್ಲ ಹಿತವಾಗುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಇದು ಕಾಯಿಲೆಯಲ್ಲ, ನಾಚಿಕೆ. ಹೋದ ಬೇಸಿಗೆಯಲ್ಲಿ ಹತ್ತಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಆದವಾನಿಯಲ್ಲಿ ತಣ್ಣನೆಯ ಗಾಳಿ ಬೀಸುವ ದಿನಗಳು ಹೆಚ್ಚಿಲ್ಲವಾದ್ದರಿಂದ ಹೇಗೋ ಮರ್ಯಾದೆಯಿಂದ ದಿನ ದೂಡುತ್ತಿದ್ದೇನೆ.

ನಾನು ಹತ್ತಿ ವ್ಯಾಪಾರಿ. ಸುತ್ತಲಿನ ಹಳ್ಳಿಗಳಿಂದ ಬಂಡಿಗಳಲ್ಲಿ ಬರುವ ಹತ್ತಿಯನ್ನು ಕೊಂಡು, ಜಿನ್ನಿನಲ್ಲಿ ಬೀಜ ಬಿಡಿಸಿ, ಅರಳೆಯನ್ನು ಮುಂಬಯಿಗೆ ಕಳಿಸುವುದು ನನ್ನ ಕಸುಬು. ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು, ಮಾಲಿನಲ್ಲಿ ತೇವವಿದೆಯೋ ಇಲ್ಲವೋ ಹೇಳಬಲ್ಲೆ. ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸಿ ತಂದ ರೈತರ ಮೇಲೆ ನಾನು ಕೂಗಾಡುವುದನ್ನು ಕೇಳಲು ಪಕ್ಕದ ಅಂಗಡಿಯವರು ಎದ್ದು ಬಂದು ನಿಲ್ಲುತ್ತಿದ್ದರು. ವ್ಯಾಪಾರ ಕಸುಬಾದರೆ ಚಿಂತೆ ನನ್ನ ಸ್ವಭಾವ. ಮಳೆ ಬಂದರೆ ಮಾಲು ನೆನೆಯುತ್ತದೆಂಬ ಚಿಂತೆ, ಬರದಿದ್ದರೆ ಮಾಲೇ ಬರುವುದಿಲ್ಲವೆಂಬ ಚಿಂತೆ. ಎರಡೂ ಇಲ್ಲದ ದಿನ ನಾನು ಅಂಗಳದಲ್ಲಿ ಸುಮ್ಮನೆ ಓಡಾಡುತ್ತಿದ್ದರೆ ನನ್ನ ಹೆಂಡತಿ ಗೌರಮ್ಮ, “ಇವತ್ತು ಏನೂ ಚಿಂತಿ ಸಿಗಲಿಲ್ಲೇನ್ರಿ?” ಎಂದು ಕೇಳುತ್ತಾಳೆ.

ನಮ್ಮ ಊರಿನ ಬಿಸಿಲಿನ ಬಗ್ಗೆ ಒಂದು ಮಾತು ಹೇಳಬೇಕು. ಊರ ಬೆನ್ನಿಗೆ ಕೋಟೆಯ ಬೆಟ್ಟವಿದೆ. ಅದರ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು, ಸಂಜೆ ನಾವು ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ಅದನ್ನು ನಮ್ಮ ಮೇಲೆ ಉಗುಳುತ್ತವೆ. ಇಂಥ ಊರಿನಲ್ಲಿ ತಂಪು ಅನ್ನುವುದು ಬರೀ ಸುಖವಲ್ಲ, ಅಂತಸ್ತು. ಕೂಲಿಯವನಿಗೆ ಬೇವಿನ ಮರ, ವ್ಯಾಪಾರಿಗೆ ಮಣ್ಣಿನ ಹರವಿಯ ನೀರು, ದೊಡ್ಡ ಅಧಿಕಾರಿಗೆ ಬಾಗಿಲಲ್ಲಿ ಲಾವಂಚದ ತಟ್ಟಿ, ಅದಕ್ಕೆ ನೀರು ಎರಚಲು ಒಬ್ಬ ಜವಾನ. ನಮ್ಮ ತಂದೆ ಒಮ್ಮೆ ಒಂದು ಜಮೀನಿನ ತಕರಾರಿಗಾಗಿ ಅಂಥ ಕಚೇರಿಯ ಹೊರಗೆ ದಿನವಿಡೀ ನಿಂತು ಬಂದಿದ್ದರು. ಕೆಲಸ ಆಯಿತೇ ಎಂದು ಕೇಳಿದರೆ, “ಇಲ್ಲ. ಆದ್ರ ಬಾಗಿಲು ತೆರೆದಾಗೆಲ್ಲಾ ಒಳಗಿಂದ ಲಾವಂಚದ ಗಾಳಿ ಬರ್ತಿತ್ತು ನೋಡು, ಈ ಸರಕಾರ ಇಷ್ಟರಾಗ ಹೋಗಂಗಿಲ್ಲ ಅನ್ನಿಸ್ತು” ಎಂದಿದ್ದರು. ತಂಪಿಗೂ ಅಧಿಕಾರಕ್ಕೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಆ ಗಾಳಿಯ ಆಸೆ ತಂದೆಯಿಂದ ನನಗೆ ಬಂದಿರಬೇಕು. ನಮ್ಮಲ್ಲಿ ಹತ್ತಿ ಕೊಳ್ಳಲು ಮುಂಬಯಿಯಿಂದ ಬಂದಿದ್ದ ಒಬ್ಬ ಏಜೆಂಟರು ವರ್ಗವಾಗಿ ಹೋಗುವಾಗ ತಮ್ಮ ಕಾರಿಗಿದ್ದ ಒಂದು ವಿಲಾಯತಿ ವಸ್ತುವನ್ನು ನನಗೆ ಬಿಟ್ಟುಹೋದರು. ನನ್ನ ಬಳಿಯೂ ಒಂದು ಹಳೆಯ ಕಾರಿತ್ತು. ಆ ವಸ್ತು ಎಣ್ಣೆ ಡಬ್ಬಿಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತಿತ್ತು. ಕಾರಿನ ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿ ಅದರ ಅಂಚಿಗೆ ಸಿಕ್ಕಿಸಬೇಕು. ಡಬ್ಬಿಯ ಹೊಟ್ಟೆಯಲ್ಲಿ ನೀರು, ನೀರಿನಲ್ಲಿ ನೆನೆದ ಒಂದು ಮೆತ್ತೆ. ಬಡಗಿ ಹತ್ತರಿ ಹೊಡೆದಾಗ ಬೀಳುವ ಸುರುಳಿಗಳನ್ನು ಒತ್ತಿ ಮಾಡಿದಂಥದ್ದು. ಕಾರು ಓಡಿದಾಗ ಬಿಸಿಗಾಳಿ ಡಬ್ಬಿಯ ಬಾಯಿಂದ ನುಗ್ಗಿ, ಒದ್ದೆ ಮೆತ್ತೆಯ ಸಂದುಗಳಲ್ಲಿ ಹಾಯ್ದು, ತಣ್ಣಗಾಗಿ ಒಳಗಿನ ಜಾಲರಿಯಿಂದ ನಮ್ಮ ಮುಖಕ್ಕೆ ಬೀಸುತ್ತದೆ. ಮೆತ್ತೆ ಒಣಗಿದರೆ ಒಳಗೆ ಕೂತವರು ಒಂದು ದಾರ ಎಳೆಯಬೇಕು, ಅದು ನೀರಲ್ಲಿ ಮುಳುಗೆದ್ದು ಬರುತ್ತದೆ. ನಾನು ಇದನ್ನು ತಂಪಿನ ಡಬ್ಬಿ ಎಂದೆ. ನನ್ನ ಡ್ರೈವರ್ ಖಾಸಿಂ ಸಾಬ ‘ಥಂಡಾ ಡಬ್ಬಾ’ ಎಂದ.

ಆಮೇಲೆ ನಾನು ಮನುಷ್ಯನಾಗಿ ಉಳಿಯಲಿಲ್ಲ. ಪರಿಚಯದವರನ್ನೆಲ್ಲ ಕರೆದು ಕಾರಿನಲ್ಲಿ ಕೂರಿಸಿ ಸ್ಟೇಷನ್ ರಸ್ತೆಯಲ್ಲಿ ಓಡಾಡಿಸಿದೆ. ನಮ್ಮ ಮನೆಗೆ ಔಷಧ ಕೊಡುವ ಪಂಡಿತರು ಇಳಿಯುವಾಗ ಮೂಗು ಒರೆಸಿಕೊಂಡು, “ಇದರಾಗ ಭಾಳ ಕೂತ್ರ ಶೀತ ಆಗತೈತ್ರಿ” ಎಂದರು. ಕಡು ಬೇಸಿಗೆಯ ಆದವಾನಿಯಲ್ಲಿ ಒಬ್ಬ ಮನುಷ್ಯನಿಂದ ಈ ಮಾತು ಹೊರಡಿಸಿದವನು ನಾನೊಬ್ಬನೇ ಎಂದು ಒಂದು ವಾರ ಉಬ್ಬಿಕೊಂಡು ತಿರುಗಿದೆ.

ಉಬ್ಬಿಕೊಂಡವನು ಹಾಗೆಯೇ ಹೊಳಗುಂದಕ್ಕೂ ಹೋದೆ. ನಮ್ಮ ಒಬ್ಬಳೇ ಮಗಳು ನೀಲಮ್ಮನನ್ನು ಕೊಟ್ಟದ್ದು ಅಲ್ಲಿಗೆ. ಚೊಚ್ಚಲ ಬಸುರಿ, ಕುಬುಸದ ಶಾಸ್ತ್ರ ಅಂದು. ಹೆರಿಗೆಗೆ ಅವಳನ್ನು ಏಳನೆಯ ತಿಂಗಳು ಮುಗಿಯುವುದರೊಳಗೆ ತವರಿಗೆ ಕರೆತರಬೇಕು. ಎಂಟರಲ್ಲಿ ಊರು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಆದವಾನಿಯಲ್ಲಿ ಆಸ್ಪತ್ರೆಯಿದೆ, ಕೈಗುಣದ ನರ್ಸಮ್ಮ ಒಬ್ಬರಿದ್ದಾರೆ. ನೀಲಮ್ಮ ಹುಟ್ಟುವಾಗ ಗೌರಮ್ಮ ಸಾವಿನ ಬಾಗಿಲು ಮುಟ್ಟಿ ಬಂದವಳು. ಹಾಗಾಗಿ ಮಗಳನ್ನು ಮನೆಗೆ ತರುವುದು ನಮ್ಮಿಬ್ಬರಿಗೆ ಬರೀ ಶಾಸ್ತ್ರವಾಗಿರಲಿಲ್ಲ.

ಅವಳ ಅತ್ತೆ ಸಂಗಮ್ಮ ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ಎರೆಹೊಲಗಳ ಒಕ್ಕಲುತನವನ್ನೆಲ್ಲ ತಾನೇ ನೋಡಿಕೊಂಡು, ಕೊಡೆ ಹಿಡಿದು ಹೊಲದ ಬದುವಿನ ಮೇಲೆ ನಿಂತು ಆಳುಗಳನ್ನು ಆಳುವವಳು. ಮಗ ಇದ್ದಾನೆ, ಒಳ್ಳೆಯ ಹುಡುಗ, ತಾಯಿ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಆ ದಿನ ಊಟವಾದ ಮೇಲೆ ಸಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತ, “ಬೀಗರೆ, ಇಂಥಾ ಬಿಸಿಲಾಗ ಬಸುರಿ ಹೆಣ್ಣುಮಗಳನ್ನ ಹೊರಗ ಕಳಸಾಕ ನನಗ ಮನಸಿಲ್ಲ. ಹೆರಿಗಿ ಇಲ್ಲೇ ಆಗ್ಲಿ” ಎಂದಳು.

ನಾನು ನಗುತ್ತ, “ನನ್ನ ಕಾರಿನಾಗ ಬಿಸಿಲು ಎಲ್ಲಿ ಐತ್ರಿ? ಆಕಿಗೆ ಹೊದಿಯಾಕ ಒಂದು ಶಾಲು ಕೊಡ್ರಿ, ಅಷ್ಟ ಸಾಕು” ಎಂದೆ.

“ಹಂಗೇನು? ತಣ್ಣಗಿತ್ತಂದ್ರ ಕಳಸ್ತೀನಿ. ಬಿಸಿ ಇತ್ತಂದ್ರ ಇಲ್ಲ. ನಾನು ಮೊದಲು ಕೂತು ನೋಡಾಕಿ. ಮಾತು ಆತು.”

ಮಾತು ಆಯಿತು. ಕರೆತರಲು ಒಳ್ಳೆಯ ದಿನವನ್ನೂ ಗೊತ್ತುಮಾಡಿದೆವು. ಆ ದಿನ ಹತ್ತಿರ ಬಂದಾಗ, ನಾನು ಮಾಲು ನೋಡಲು ನಂದವರಂ ಎಂಬ ಹಳ್ಳಿಗೆ ಹೋಗುತ್ತಿದ್ದ ದಾರಿಯಲ್ಲಿ, ಡಬ್ಬಿಯ ಜಾಲರಿಯಿಂದ ಒಲೆಯ ಬಾಯಿಂದ ಬಂದಂಥ ಗಾಳಿ ಬಂತು. ದಾರ ಎಳೆದೆ. ಬಿಸಿ. ಮತ್ತೆ ಎಳೆದೆ. ಕೊಳೆತ ವಾಸನೆಯ ಬಿಸಿ. ಖಾಸಿಂ ಮೂಗು ಹಿಡಿದುಕೊಂಡು, “ಥಂಡಾ ಗಯಾ ಸಾಬ್” ಎಂದ. ತಂಪು ಹೋಯಿತು ಎಂದು ಅವನು ಹೇಳಿದ ಧಾಟಿಗೆ, ಹೋದದ್ದು ನಮ್ಮ ಮನೆಯ ಹಿರಿಯರೇನೋ ಅನ್ನಿಸಿತು.

ನಿಮ್ಮ ಮನೆಯಲ್ಲಿ ಯಾವುದಾದರೂ ಯಂತ್ರ ಕೆಟ್ಟಿದ್ದರೆ ನಿಮಗೆ ಗೊತ್ತಿರುತ್ತದೆ: ಅದು ನೆಟ್ಟಗಿದ್ದಾಗ ಯಾರಿಗೂ ಅದರ ವಿದ್ಯೆ ತಿಳಿದಿರುವುದಿಲ್ಲ, ಕೆಟ್ಟ ದಿನ ಓಣಿಯೆಲ್ಲ ಪಂಡಿತರೇ. ಖಾಸಿಂ ನೀರು ಹಳೆಯದಾಗಿದೆ ಎಂದ. ನಮ್ಮ ಬಾವಿಯ ಸವಳು ನೀರು ಚೆಲ್ಲಿ ದೂರದ ಸಿಹಿನೀರು ತರಿಸಿ ತುಂಬಿದೆ, ಪ್ರಯೋಜನವಿಲ್ಲ. ಗೌರಮ್ಮ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಸರಿಯಾಗಿ ಡಬ್ಬಿಯ ಬಾಯಿಗೇ ಕಟ್ಟಿದಳು. ಬರುತ್ತಿದ್ದ ಬಿಸಿಗಾಳಿಗೂ ಮೆಣಸಿನ ಘಾಟು ಸೇರಿತು. ಪಕ್ಕದ ಮನೆಯ ಕಿರಾಣಿ ಅಂಗಡಿಯವರು ಡಬ್ಬಿಯ ಸುತ್ತ ತಿರುಗಿ ನೋಡಿ, “ಇದಿ ಮನ ಎಂಡನು ಎಪ್ಪುಡೂ ಚೂಡಲೇದು ಸಾವುಕಾರುಗಾರು, ಭಯಪಡಿಂದಿ” ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟರು. ನಮ್ಮ ಬಿಸಿಲನ್ನು ಅದು ಹಿಂದೆಂದೂ ಕಂಡಿರಲಿಲ್ಲವಂತೆ, ಹೆದರಿದೆಯಂತೆ. ಇವರೆಲ್ಲರಿಗಿಂತ ಬುದ್ಧಿವಂತನಾದ ನಾನು, ಬಿಸಿಗಾಳಿಯನ್ನು ಒಳಕ್ಕೆ ಬಿಡುವುದೇ ತಪ್ಪಲ್ಲವೆ ಎಂದು ಯೋಚಿಸಿ, ಡಬ್ಬಿಯ ಬಾಯಿಯನ್ನು ಹಿಂದಕ್ಕೆ ತಿರುಗಿಸಿ ಕಟ್ಟಿದೆ. ಆ ದಿನ ನಮ್ಮ ಕಾರು ಎಬ್ಬಿಸಿದ ಧೂಳನ್ನು ನಾವೇ ತಿಂದು ಮನೆಗೆ ಬಂದೆವು.

ಕೊನೆಗೆ ಡಬ್ಬಿಯ ಮುಚ್ಚಳ ಬಿಚ್ಚಿದೆ. ಮೆತ್ತೆ ಕೊಳೆತು ಕಪ್ಪಾಗಿತ್ತು. ಸವಳು ನೀರಿನ ಬಿಳಿ ಹಕ್ಕಳೆ ಅದರ ಮೇಲೆ ಕಟ್ಟಿತ್ತು. ಜಿನ್ನಿನ ಗಾಳಿಯಲ್ಲಿ ಹಾರುವ ಹತ್ತಿಯ ನವಿರೆಲ್ಲ ಸಂದುಗಳಿಗೆ ಸೇರಿ ಮುಚ್ಚಿಹೋಗಿತ್ತು. ಕಾರಣ ಸಿಕ್ಕಿತೆಂದು ಹಿಗ್ಗಿ ಅದನ್ನು ಕಿತ್ತು ತಿಪ್ಪೆಗೆ ಎಸೆದೆ. ಹೊಸ ಮೆತ್ತೆಗೆ ಮುಂಬಯಿಗೆ ಬರೆಯಬೇಕು. ಅದು ಬರುವಷ್ಟರಲ್ಲಿ ಎಂಟನೆಯ ತಿಂಗಳು ಬಿದ್ದಿರುತ್ತದೆ. ಇಲ್ಲೇ ಏನಾದರೂ ತುಂಬಬೇಕು.

ಬೇರೆ ಊರಿನವನಾಗಿದ್ದರೆ ನಾರು, ಹುಲ್ಲು, ಲಾವಂಚದ ಬೇರು ಎಂದು ಯೋಚಿಸುತ್ತಿದ್ದನೋ ಏನೋ. ಆದವಾನಿಯವನಿಗೆ ತೂತು ಕಂಡರೆ ನೆನಪಾಗುವುದು ಒಂದೇ. ನಮ್ಮಲ್ಲಿ ಹಾಸಿಗೆಗೂ ಅರಳೆ, ದೀಪಕ್ಕೂ ಅರಳೆ, ಗಾಯಕ್ಕೂ ಅರಳೆ, ಹೆಂಡತಿಯ ಮಾತು ಜಾಸ್ತಿಯಾದರೆ ಕಿವಿಗೂ ಅದೇ. ನೀರನ್ನು ಅದರಷ್ಟು ಕುಡಿಯುವ ವಸ್ತು ಬೇರೆ ಯಾವುದಿದೆ? ಗೋದಾಮಿಗೆ ಹೋಗಿ, ಉದ್ದ ಎಳೆಯ, ಹಾಲಿನಂಥ ಬಣ್ಣದ ಅರಳೆಯನ್ನೇ ಆರಿಸಿ ತಂದೆ. ಬೀಗಿತ್ತಿ ಕೂರುವ ಕಾರು, ಕಡಿಮೆ ಮಾಲು ಹಾಕಿದರೆ ಹೇಗೆ? ಗಾದಿ ತುಂಬುವ ಹಾಗೆ ಒತ್ತಿ ಒತ್ತಿ ತುಂಬಿ ನೀರು ಸುರಿದೆ. ಕೈಯಿಟ್ಟರೆ ತಣ್ಣಗಿತ್ತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಪರೀಕ್ಷೆ ಮಾಡಬೇಕಲ್ಲ. ಜನ ನೋಡಿದರೆ ಮತ್ತೆ ಸಲಹೆ ಕೊಡುತ್ತಾರೆಂದು ಬೆಳಗಿನ ಜಾವ ಎದ್ದು ಕಾರು ಓಡಿಸಿ ನೋಡಿದೆವು. ಹಾಯಾದ ತಂಪು. ಖಾಸಿಂ ಮಾತ್ರ ಗೊಣಗಿದ: “ಸಾಬ್, ಈಗ ಡಬ್ಬಾ ಇಲ್ದಿದ್ರೂ ಥಂಡಾನೇ ಇರ್ತೈತಿ. ಮದ್ಯಾಣ ನೋಡೋಣ.” ಅಪಶಕುನ ನುಡಿಯಬೇಡವೆಂದು ಗದರಿಸಿದೆ. ಜೀವಮಾನವಿಡೀ ಇಲ್ಲದ ಚಿಂತೆಗಳನ್ನೆಲ್ಲ ಹುಡುಕಿ ಹುಡುಕಿ ಮಾಡಿದ ನಾನು, ಮಾಡಲೇಬೇಕಾಗಿದ್ದ ಒಂದೇ ಒಂದು ಚಿಂತೆಯನ್ನು ಅಂದು ಮಾಡಲಿಲ್ಲ.

ಗೊತ್ತುಮಾಡಿದ ದಿನ ಹೊಳಗುಂದ ತಲುಪಿ, ಹೋಳಿಗೆಯ ಊಟ ಮುಗಿಸುವಾಗ ಸೂರ್ಯ ನೆತ್ತಿಯ ಮೇಲಿದ್ದ. ಸಂಗಮ್ಮ ರೇಷ್ಮೆ ಸೀರೆಯ ಸೆರಗು ಹೊದ್ದು ಕಾರಿನ ಹಿಂದಿನ ಸೀಟಿನಲ್ಲಿ, ಡಬ್ಬಿಯ ಪಕ್ಕಕ್ಕೆ ಕೂತಳು. ನಾನು ಮುಂದೆ. ತಂಪು ಹೊರಗೆ ಸೋರಬಾರದೆಂದು ಉಳಿದ ಕಿಟಕಿಗಳ ಗಾಜುಗಳನ್ನೆಲ್ಲ ಬಿಗಿಯಾಗಿ ಏರಿಸಿದೆ. ಅಗಸಿಯ ಹೊರಗಿನ ಬಯಲಲ್ಲಿ ಕಾರು ಸುತ್ತತೊಡಗಿತು. ಊರ ಮಂದಿ ಕಟ್ಟೆಯ ಮೇಲೆ ಸೇರಿದ್ದರು.

ಒಂದು ಸುತ್ತಾಯಿತು. ಜಾಲರಿಯಿಂದ ಗಾಳಿ ಬರಲಿಲ್ಲ. ಬಿಸಿಗಾಳಿಯೂ ಬರಲಿಲ್ಲ. ಮುಚ್ಚಿದ ಕಾರು ಕುದಿಯುವ ಗಡಿಗೆಯಾಯಿತು. ಖಾಸಿಂನ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಿಂದಿನಿಂದ ಸಂಗಮ್ಮ ಬಹಳ ಮರ್ಯಾದೆಯಿಂದ ಕೇಳಿದಳು:

“ಬೀಗರೆ, ಯಾವಾಗ ಶುರು ಆಗತೈತಿ?”

“ಆಗತೈತ್ರಿ. ಇನ್ನೊಂಚೂರು ಓಡ್ಲಿ. ಆ ದಾರ ಎಳೀರಿ.”

ಆಕೆ ಎಳೆದಳು. ಗಟ್ಟಿ ಕೈ. ಜಾಲರಿಯಿಂದ ನೀರು ಧಾರೆಯಾಗಿ ರೇಷ್ಮೆ ಸೀರೆಯ ಮಡಿಲಿಗೆ ಸುರಿಯಿತು.

“ನಿಲ್ಸಪಾ ಗಾಡಿ,” ಎಂದಳು.

ಇಳಿದಳು. ಡಬ್ಬಿಯ ಮುಚ್ಚಳ ಬಿಚ್ಚಿದಳು. ಆಮೇಲೆ, ಓದುಗರೇ, ಇಡೀ ಊರಿನ ಮುಂದೆ ತೋಳಿನ ಸೆರಗು ಹಿಂದಕ್ಕೆ ಸರಿಸಿ, ಡಬ್ಬಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡಳು. ನನ್ನ ಅಂಗಡಿಯಲ್ಲಿ ನಾನು ನಿಲ್ಲುವ ಭಂಗಿ, ನಾನು ಮುಖ ಸಿಂಡರಿಸುವ ರೀತಿ, ಒಂದೂ ತಪ್ಪಲಿಲ್ಲ. ಒದ್ದೆ ಅರಳೆಯ ಒಂದು ಮುದ್ದೆಯನ್ನು ಎಳೆದು ಮೇಲೆತ್ತಿ ಹಿಂಡಿದಳು. ನೀರು ಸುರಿಯಿತು.

“ಮಾಲಿನಾಗ ತೇವ ಐತಿ ಬೀಗರೆ,” ಎಂದಳು.

ಕಟ್ಟೆಯ ಮೇಲಿನ ಜನ ನಕ್ಕ ನಗೆ ಆಲೂರಿನವರೆಗೂ ಕೇಳಿಸಿರಬೇಕು. ನನ್ನ ಅಂಗಡಿಗೆ ಹತ್ತಿ ಹಾಕುವ ರೈತರೇ ಅವರಲ್ಲಿ ಬಹಳ ಜನ.

“ನಮ್ಮೂರವ್ರು ಮೂಟಿಗೆ ಒಂದು ಚೊಂಬು ನೀರು ಚಿಮುಕಿಸಿದ್ರ ಓಣಿ ಕೂಡೂವಂಗ ಬೈತೀರಿ. ಇದಕ್ಕ ಎಷ್ಟು ಕೊಡ ಹಾಕೀರಿ?”

ಗುಂಪಿನಿಂದ ಯಾರೋ, “ಈ ಮಾಲು ನಡಿಯಂಗಿಲ್ಲ ಸಾವ್ಕಾರ್ರೆ, ವಾಪಸ್ ಒಯ್ರಿ!” ಎಂದು ಕೂಗಿದರು. ಅದು ನನ್ನದೇ ಮಾತು, ನನ್ನದೇ ಧ್ವನಿ.

ಗಾಳಿ ಹಾಯಲು ಸಂದು ಬೇಕು. ಒದ್ದೆಯಾದ ಅರಳೆ ಸಂದು ಬಿಡುವುದಿಲ್ಲ. ಕುಸಿದು, ಮುದ್ದೆಗಟ್ಟಿ, ಗೋಡೆಯಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ನೆನೆದ ಮಾಲು ಮುದ್ದೆಗಟ್ಟುತ್ತದೆಂದು ದಿನವೂ ನಾಲ್ಕು ಜನಕ್ಕೆ ಹೇಳಿಕೊಟ್ಟವನು ನಾನು. ಆದರೆ ಅದು ಬೇರೆಯವರ ಮೂಟೆಯ ವಿಷಯ. ತಿಳಿಯದೆ ಮಾಡಿದ ತಪ್ಪಿಗೆ ಆಗುವ ನಾಚಿಕೆಯನ್ನು ಒಂದು ಲೋಟ ನೀರು ಕುಡಿದು ಕಳೆಯಬಹುದು. ತಿಳಿದ ವಿಷಯದಲ್ಲಿ ಎಡವಿದವನಿಗೆ ಆ ನೀರೂ ಗಂಟಲಲ್ಲಿ ಇಳಿಯುವುದಿಲ್ಲ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಕೂಗಾಟ ನಿಂತಿದೆ. ತೇವದ ಮಾಲು ಬಂದರೆ ಮೆಲ್ಲಗೆ ಹೇಳುತ್ತೇನೆ. ರೈತರೂ ಮೆಲ್ಲಗೆ ನಗುತ್ತಾರೆ.

ಸಂಗಮ್ಮನ ಮನೆಯ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತೆ. ನೀಲಮ್ಮ ಭಾರದ ಹೆಜ್ಜೆಯಿಡುತ್ತ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ಅಪ್ಪಾ, ನಾ ಬಿಸಿಲಾಗೂ ಬರ್ತಿದ್ನಲ್ಲ. ನೀ ಯಾಕ ತಣ್ಣಗಿಂದೆಲ್ಲಾ ಹೇಳಾಕ ಹೋದಿ?”

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಎದ್ದು, ಒಳಗೆ ಸೀರೆ ಬದಲಿಸಿ ಬಂದು ಕೂತಿದ್ದ ಸಂಗಮ್ಮನ ಮುಂದೆ ನಿಂತೆ. “ನನ್ನ ಡಬ್ಬಿ ಸುಳ್ಳಾತ್ರಿ. ಮಾತಿನ ಪ್ರಕಾರ ನೀವು ಕಳಸಬೇಕಾಗಿಲ್ಲ. ಆದ್ರ ಆಕಿ ತಾಯಿ ಬಾಣಂತಿ ಕೋಣಿಗೆ ಸುಣ್ಣ ಹಚ್ಚಿಸಿ ದಾರಿ ನೋಡಿಕೋತ ಕೂತಾಳ. ನೀಲಮ್ಮ ಹುಟ್ಟೂಮುಂದ ಆಕಿ ಉಳದದ್ದಽ ಹೆಚ್ಚು. ಆ ಹೆದರಿಕಿ ನಮ್ಮಿಬ್ಬರಿಗೂ ಇನ್ನೂ ಹೋಗಿಲ್ಲ. ನಾನು ಅವತ್ತು ಇದನ್ನ ಹೇಳಬೇಕಾಗಿತ್ತು. ಡಬ್ಬಿ ಸುದ್ದಿ ಹೇಳಿದೆ.”

 ಸಂಗಮ್ಮ ಕೈಯಲ್ಲಿದ್ದ ಬೀಸಣಿಗೆಯನ್ನು ಕೆಳಗಿಟ್ಟಳು.

“ನಾನೂ ಬಿಸಿಲಿನ ಸುದ್ದಿ ಹೇಳಿದೆ ಬೀಗರೆ. ಬಿಸಿಲು ನಮಗೇನು ಹೊಸಾದ? ಆಕಿ ಹೋದ್ರ ಈ ಮನ್ಯಾಗ ನನ್ನ ಕೂಡ ಎದುರಾಡಾಕ ಯಾರದಾರ್ರಿ? ಮಗ ಅಂತೂ ಹೂಂ ಅನ್ನಾಕ ಹುಟ್ಯಾನ. ಆಳುಮಂದಿ ಹೆದರತಾರ. ಆಕಿ ಒಬ್ಬಾಕಿ, ‘ಅತ್ತಿ, ನಿಮ್ದು ತಪ್ಪು’ ಅಂತಾಳ. ಸಿಟ್ಟು ಬರತೈತಿ. ಆದ್ರ ಆಕಿ ಅನ್ನದ ದಿನ ಊಟ ಸೇರಂಗಿಲ್ಲ.”

ಹೇಳಿ ಮುಗಿಸಿದ ಮೇಲೆ ಆಕೆಗೂ ನಾಚಿಕೆಯಾಯಿತು. ಎರಡು ನಾಚಿಕೆಗಳು ಎದುರುಬದುರು ಕೂತಾಗ ಜಗಳ ಬಹಳ ಹೊತ್ತು ನಿಲ್ಲಲಾರದು ಎಂದು ಅಂದು ತಿಳಿಯಿತು. ಬಿಸಿಲು ಇಳಿಯತೊಡಗಿದಾಗ ಸಂಗಮ್ಮ ಎದ್ದು, “ನಡೀರಿ. ನಾನೂ ಬರ್ತೀನಿ, ಬಿಟ್ಟು ಬರ್ತೀನಿ” ಎಂದಳು. ಹೆರಿಗೆಗೆ ಹೋಗುವ ಸೊಸೆಯ ಜೊತೆ ಅತ್ತೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆಕೆಗೆ ಹಾಗೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಡಬ್ಬಿಯನ್ನು ಬಿಚ್ಚಿಡಲು ಹೋದರೆ, “ಇರ್ಲಿ ಬಿಡ್ರಿ, ಚಂದ ಕಾಣತೈತಿ” ಎಂದಳು. ಅರಳೆಯಿಲ್ಲದ ಖಾಲಿ ಡಬ್ಬಿ ದಾರಿಯುದ್ದಕ್ಕೂ ಊಳಿಡುತ್ತ ಬಂತು. ಎಲ್ಲ ಗಾಜುಗಳನ್ನು ಇಳಿಸಿದೆವು. ನೀಲಮ್ಮನ ತಲೆಗೆ ಒದ್ದೆ ಪಂಚೆ ಹೊದಿಸಿ, ಅತ್ತೆ ಬೀಸಣಿಗೆ ಬೀಸುತ್ತಲೇ ಇದ್ದಳು. ಸೊಸೆ, “ಸಾಕು ಬಿಡ್ರಿ ಅತ್ತಿ, ಕೈ ನೋಯತೈತಿ” ಎಂದರೆ, “ನನ್ನ ಕೈ, ನಿನಗೇನು?” ಎಂದು ಬೈಯುತ್ತಿದ್ದಳು. ಖಾಸಿಂ ತಗ್ಗುದಿನ್ನೆ ಕಂಡಲ್ಲೆಲ್ಲ ಬಂಡಿಗಿಂತ ಮೆಲ್ಲಗೆ ಓಡಿಸಿದ. ಆದವಾನಿ ಸೇರಿದಾಗ ನಾವು ನಾಲ್ವರೂ ಬೆವರಿನಲ್ಲಿ ಅದ್ದಿ ಎರೆಮಣ್ಣಿನ ಧೂಳಿನಲ್ಲಿ ಹೊರಳಿಸಿದ ಹಾಗಿದ್ದೆವು.

ಬಾಗಿಲಲ್ಲಿ ಗೌರಮ್ಮ ಆರತಿ ಹಿಡಿದು ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು. ಮಗಳನ್ನು ಕಣ್ಣು ತುಂಬ ನೋಡಿ, ಬೀಗಿತ್ತಿಯ ಕಡೆ ತಿರುಗಿ ಹೆಮ್ಮೆಯಿಂದ ಕೇಳಿದಳು: “ಹೆಂಗಿತ್ತ್ರೀ ಅಕ್ಕಾರ, ಇವರ ತಂಪಿನ ಡಬ್ಬಿ?”

ನಾನು ನನ್ನ ಚಪ್ಪಲಿಗಳನ್ನು ನೋಡಿಕೊಂಡೆ.

ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ತಳ್ಳಿ ಸಂಗಮ್ಮ ಹೇಳಿದಳು: “ಅಯ್ಯ ತಂಗಿ, ಏನ್ ಕೇಳ್ತಿ. ಗಡಗಡ ನಡುಗಿಬಿಟ್ಟೆ. ಅರ್ಧ ದಾರ್ಯಾಗ ನಾನಽ ಸಾಕು ಮಾಡ್ರಪಾ ಅಂದೆ.”

“ಮತ್ತ ಹಿಂಗ ಬೆವತೀರಲ್ರಿ?”

“ತಂಪಿನಾಗಿಂದ ಇಳದ್ವಿ ನೋಡು, ನಿಮ್ಮೂರ ಬಿಸಿಲು ಒಮ್ಮಿಗೇ ಬಡೀತು.”

ಖಾಸಿಂ ಕೆಮ್ಮಿದ. ನೀಲಮ್ಮ ಸೆರಗು ಬಾಯಿಗೆ ಹಿಡಿದಳು. ಸಂಗಮ್ಮ ನನ್ನ ಕಡೆ ತಿರುಗಿಯೂ ನೋಡದೆ ಬಲಗಾಲಿಟ್ಟು ಒಳಗೆ ಹೋದಳು.

ಮೊಮ್ಮಗಳು ಸುಖವಾಗಿ ಹುಟ್ಟಿ, ಬಾಣಂತಿಯೂ ಮಗುವೂ ಹೊಳಗುಂದಕ್ಕೆ ಹೋಗಿಯಾಯಿತು. ಅಲ್ಲಿ ಎದುರಾಡುವವರು ಈಗ ಇಬ್ಬರಾಗಿದ್ದಾರಂತೆ. ಇತ್ತ ಗೌರಮ್ಮ ಇವತ್ತಿಗೂ ಬಂದವರಿಗೆಲ್ಲ ನನ್ನ ಡಬ್ಬಿಯ ತಂಪಿಗೆ ಹೊಳಗುಂದದ ಬೀಗಿತ್ತಿ ನಡುಗಿದ ಕಥೆ ಹೇಳುತ್ತಾಳೆ, ಹೇಳುತ್ತ ಹೇಳುತ್ತ, “ಹೌದಲ್ಲೇನ್ರಿ?” ಎಂದು ನನ್ನ ಕಡೆ ತಿರುಗುತ್ತಾಳೆ. ಹೊಳಗುಂದದ ಬಯಲಲ್ಲಿ ಊರಿಗೆ ಊರೇ ನಕ್ಕಾಗ ನಾನು ತಲೆ ತಗ್ಗಿಸಿದ್ದು ಒಂದೇ ಸಲ. ಸಂಗಮ್ಮ ನನ್ನ ಮಾನ ಉಳಿಸಿದ್ದಕ್ಕೆ, ನೆಂಟರು ಬಂದಾಗಲೆಲ್ಲ ತಗ್ಗಿಸಬೇಕಾಗಿದೆ. ಗೌರಮ್ಮ ಅದನ್ನು ವಿನಯ ಎಂದುಕೊಂಡಿದ್ದಾಳೆ.